ಕೂಲ್: ಉರಿಯನ್ನು ತಂಪೆಂದು ಮಾರಿದ ಸಿಗರೇಟು

ಹಣೆಗೆ ಅಮೃತಾಂಜನ ತಿಕ್ಕಿದರೆ ಹಣೆಯೇನೂ ತಣ್ಣಗಾಗುವುದಿಲ್ಲ, ತಣ್ಣಗಾದಂತೆ ಅನಿಸುತ್ತದೆ ಅಷ್ಟೆ. ಥರ್ಮಾಮೀಟರು ಇಟ್ಟು ನೋಡಿದರೆ ಹೆಚ್ಚುಕಡಿಮೆ ಮೊದಲಿನ ಲೆಕ್ಕವೇ ಬರುತ್ತದೆ. ನರಕ್ಕೆ ಹೀಗೆ ಸುಳ್ಳು ಹೇಳುವ ವಸ್ತು ಮೆಂಥಾಲ್. ಅಮೆರಿಕದ ‘ಕೂಲ್’ ಸಿಗರೇಟು 1933ರಿಂದ ಇವತ್ತಿನವರೆಗೆ ತನ್ನ ತಂಬಾಕನ್ನು ಈ ಸುಳ್ಳಿನಲ್ಲೇ ಸುತ್ತಿ ಮಾರಿಕೊಂಡು ಬಂದಿದೆ. ಈ ಬ್ರ್ಯಾಂಡಿನ ಗುಣದೋಷ ಹೇಳಬೇಕಾದರೆ ಆ ತಂಪು ಏನನ್ನು ಮುಚ್ಚಿಡುತ್ತದೆ ಎಂಬಲ್ಲಿಂದಲೇ ಶುರುಮಾಡಬೇಕು.

ದಮ್ಮು ಎಳೆದಾಗ ಸಿಗರೇಟಿನ ಕೆಂಡ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹೊಗೆ ಬಾಯಿಗೆ ಬರುವಷ್ಟರಲ್ಲಿ ಬಿಸಿ ಬಹಳ ಇಳಿದಿದ್ದರೂ ಅದರೊಳಗಿನ ನಿಕೋಟಿನ್, ಆಲ್ಡಿಹೈಡ್ ಎಂಬ ಕಟು ರಾಸಾಯನಿಕಗಳು ಗಂಟಲನ್ನು ಕೆರೆಯುತ್ತವೆ. ಹೊಸಬ ಕೆಮ್ಮುವುದು ಈ ಕೆರೆತಕ್ಕೇ. ನಮ್ಮ ನರತುದಿಗಳಲ್ಲಿ ‘ಟಿಆರ್‌ಪಿಎಂ8’ ಎಂಬ ಬಾಗಿಲೊಂದಿದೆ, ವಿಜ್ಞಾನದ ಮಾತಿನಲ್ಲಿ ಗ್ರಾಹಕ. ಚರ್ಮ ಸುಮಾರು 26 ಡಿಗ್ರಿಗಿಂತ ತಣ್ಣಗಾದಾಗ ಅದು ತೆರೆದು ‘ಚಳಿ’ ಎಂಬ ಸಂದೇಶ ಕಳಿಸುತ್ತದೆ. ಮೆಂಥಾಲ್ ತಗುಲಿದರೆ ಮೈಬಿಸಿಯಲ್ಲೇ ಆ ಬಾಗಿಲು ತೆರೆದುಕೊಳ್ಳುತ್ತದೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರ ಪ್ರಯೋಗಾಲಯಗಳು ಇದನ್ನು 2002ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದವು. ಬಿಸಿ, ತಂಪು, ಸ್ಪರ್ಶಗಳ ಗ್ರಾಹಕಗಳ ಕೆಲಸಕ್ಕಾಗಿ ಇಬ್ಬರಿಗೂ 2021ರಲ್ಲಿ ನೊಬೆಲ್ ಸಿಕ್ಕಿತು. ಸಿಗರೇಟು ಕಂಪನಿಗಳಿಗೆ ಗ್ರಾಹಕದ ಹೆಸರು ಗೊತ್ತಿರಲಿಲ್ಲ. ಗ್ರಾಹಕರು ಮಾತ್ರ ಎಪ್ಪತ್ತು ವರ್ಷ ಮೊದಲೇ ಗೊತ್ತಿದ್ದರು.

ಕೂಲ್ ಈ ವಿದ್ಯೆಯನ್ನು ತಾನೇ ಕಂಡುಹಿಡಿಯಲಿಲ್ಲ. ಒಹಾಯೊ ರಾಜ್ಯದ ಮಿಂಗೊ ಜಂಕ್ಷನ್ ಎಂಬ ಊರಿನ ಲಾಯ್ಡ್ ಹ್ಯೂಸ್, ಅಡ್ಡಹೆಸರು ‘ಸ್ಪಡ್’, ತಂಬಾಕಿಗೆ ಮೆಂಥಾಲ್ ಬೆರೆಸುವ ಕ್ರಮಕ್ಕೆ 1925ರಲ್ಲಿ ಪೇಟೆಂಟ್ ಪಡೆದ. ಕ್ರಮ ಸರಳ: ಮೆಂಥಾಲನ್ನು ಆಲ್ಕೊಹಾಲಿನಲ್ಲಿ ಕರಗಿಸಿ, ಕಾಡುದಾಲ್ಚಿನ್ನಿ ಜಾತಿಯ ಕ್ಯಾಸಿಯಾ ಎಣ್ಣೆ ಸ್ವಲ್ಪ ಸೇರಿಸಿ, ತಂಬಾಕಿನ ಮೇಲೆ ಸಿಂಪಡಿಸುವುದು. ಆಲ್ಕೊಹಾಲು ಹಾರಿಹೋಗುತ್ತದೆ, ಮೆಂಥಾಲ್ ಎಲೆಯಲ್ಲಿ ಉಳಿಯುತ್ತದೆ. 1926ರಲ್ಲಿ ಕೆಂಟಕಿಯ ಲೂಯಿವಿಲ್ ನಗರದ ಆಕ್ಸ್‌ಟನ್-ಫಿಶರ್ ಕಂಪನಿ ಅವನಿಂದ ಹಕ್ಕು ಕೊಂಡು ‘ಸ್ಪಡ್’ ಎಂಬ ಹೆಸರಲ್ಲೇ ದೇಶಕ್ಕೆಲ್ಲ ಮಾರಿತು. ಇಂಗ್ಲಿಷಿನ ಆಡುಮಾತಿನಲ್ಲಿ ಸ್ಪಡ್ ಎಂದರೆ ಆಲೂಗಡ್ಡೆ. ಆಲೂಗಡ್ಡೆ ಎಂದು ಹೆಸರಿಟ್ಟುಕೊಂಡೂ ಅದು ಓಡಿತು ಎಂದಮೇಲೆ ಒಳಗಿನ ಮಾಲಿನ ಬಲ ಎಷ್ಟಿರಬೇಕು, ನೀವೇ ಊಹಿಸಿ.

ಅದೇ ಲೂಯಿವಿಲ್‌ನಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಎಂಬ ಇನ್ನೊಂದು ಕಂಪನಿ ಇತ್ತು. 1927ರಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಅದನ್ನು ಕೊಂಡು, 1929ರಲ್ಲಿ ವಿನ್‌ಸ್ಟನ್-ಸೇಲಂನಿಂದ ಲೂಯಿವಿಲ್‌ಗೆ ಸ್ಥಳಾಂತರಿಸಿತ್ತು. ಪಕ್ಕದ ಕಾರ್ಖಾನೆಯ ಗಲ್ಲಾಪೆಟ್ಟಿಗೆ ತುಂಬುವುದನ್ನು ನೋಡುತ್ತಿದ್ದ ಅದು 1933ರಲ್ಲಿ ಕೂಲ್ ಇಳಿಸಿತು. ಮಹಾ ಆರ್ಥಿಕ ಕುಸಿತದ ಕಾಲ. ಸ್ಪಡ್‌ಗಿಂತ ಬೆಲೆ ಕಡಿಮೆ, ಪ್ಯಾಕಿನೊಳಗೊಂದು ಕೂಪನ್; ಕೂಪನ್ ಕೂಡಿಸಿದರೆ ಮನೆಸಾಮಾನು. ಹೆಸರಿನ ಮೊದಲ ಅಕ್ಷರ ‘ಸಿ’ ತೆಗೆದು ‘ಕೆ’ ಹಾಕಿದ್ದರಿಂದ ಮಾಮೂಲಿ ವಿಶೇಷಣವೊಂದು ಒಂದೇ ಏಟಿಗೆ ಟ್ರೇಡ್‌ಮಾರ್ಕ್ ಆಯಿತು. ನಡುವಿನ ಎರಡು ‘ಓ’ಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸಿಕ್ಕಿಕೊಂಡ ಆ ಲಾಂಛನ, ಬಿಳಿಯ ಮೇಲೆ ಹಸಿರು, ವಿನ್ಯಾಸದ ಮಟ್ಟಿಗೆ ಇವತ್ತಿಗೂ ಅಚ್ಚುಕಟ್ಟು. ಹೊಗಳಬೇಕಾದ್ದನ್ನು ಹೊಗಳಿಬಿಡೋಣ, ಮುಂದೆ ಅವಕಾಶ ಕಡಿಮೆ.

ಪ್ಯಾಕಿಗಿಂತ ಹೆಚ್ಚು ದುಡಿದದ್ದು ವಿಲ್ಲಿ ಎಂಬ ಪೆಂಗ್ವಿನ್. ನೆಗಡಿಯಾಗಿ ಮೂಗು ಕಟ್ಟಿದಾಗ, ಗಂಟಲು ಕೆಟ್ಟಾಗ ಕೂಲ್ ಸೇದಿ, ಗಂಟಲಿಗೆ ರಜೆ ಕೊಡಿ ಎಂಬುದು 1930ರ ದಶಕದ ಜಾಹೀರಾತುಗಳ ಧಾಟಿ. ಪೆಂಗ್ವಿನ್‌ಗೆ ಡಾಕ್ಟರ ವೇಷವನ್ನೂ ಹಾಕಿಸಿದರು. ವಿಲ್ಲಿ ಮತ್ತು ಜೊತೆಗಾತಿ ಮಿಲ್ಲಿಯ ಆಕಾರದ ಉಪ್ಪು-ಮೆಣಸಿನ ಡಬ್ಬಿಗಳು ಊಟದ ಮೇಜಿನ ಮೇಲೂ ಬಂದವು. ಮೆಂಥಾಲ್ ಕೆಮ್ಮಿನ ಮಾತ್ರೆಯಲ್ಲಿ, ಎದೆಗೆ ಹಚ್ಚುವ ಮುಲಾಮಿನಲ್ಲಿ ಇರುತ್ತಿದ್ದ ವಸ್ತುವಾದ್ದರಿಂದ ಜನ ನಂಬಿದರು. ವಿಕ್ಸ್ ವಾಸನೆ ಬಂದರೆ ಅರ್ಧ ನೆಗಡಿ ಹೋಯಿತೆಂದು ನಂಬುವ ನಮಗೆ ಇದು ಅರ್ಥವಾಗದ ಮಾತೇನಲ್ಲ. ಮೂಗು ತೆರೆದಂತೆ ಅನಿಸುವುದೂ ಅದೇ ನರದ ಆಟ. ಗಾಳಿ ಹೋಗುವ ದಾರಿ ಒಂದಿಷ್ಟೂ ಅಗಲವಾಗಿರುವುದಿಲ್ಲ. ಈ ಆರೋಗ್ಯದ ಮಾತುಗಳನ್ನು ನಿಲ್ಲಿಸುವಂತೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1942ರಲ್ಲಿ ಕಂಪನಿಯಿಂದ ಒಪ್ಪಿಗೆ ಬರೆಸಿಕೊಂಡಿತು. ಮಾತು ನಿಂತಿತು, ಹಸಿರು ಬಣ್ಣ ಮತ್ತು ಪೆಂಗ್ವಿನ್ ಉಳಿದವು. ಅವು ಹೇಳುತ್ತಿದ್ದುದೂ ಅದನ್ನೇ.

ಇನ್ನು ಮಾಲಿನ ವಿಷಯ. ಒಂದು ಸಿಗರೇಟಿನಲ್ಲಿ ತಂಬಾಕು ಇರುವುದು ಸುಮಾರು 0.7 ಗ್ರಾಂ. ಅಮೆರಿಕದ ಮೆಂಥಾಲ್ ಸಿಗರೇಟುಗಳನ್ನು ಪರೀಕ್ಷಿಸಿದಾಗ ಕಡ್ಡಿಯೊಂದಕ್ಕೆ ಸುಮಾರು 3 ಮಿಲಿಗ್ರಾಂನಿಂದ 20 ಮಿಲಿಗ್ರಾಂವರೆಗೆ ಮೆಂಥಾಲ್ ಸಿಕ್ಕಿದೆ. ಅಂತರ ಇಷ್ಟು ದೊಡ್ಡದಿರುವುದರಿಂದಲೇ ‘ಮೆಂಥಾಲ್ ಸಿಗರೇಟು’ ಎಂಬ ಒಂದೇ ಮಾತಿನಲ್ಲಿ ಎಲ್ಲ ಬ್ರ್ಯಾಂಡುಗಳನ್ನೂ ಸೇರಿಸಲು ಆಗದು. ಮೆಂಥಾಲ್ ಹಾಕುವ ಜಾಗಗಳೂ ಹಲವು: ಕತ್ತರಿಸಿದ ತಂಬಾಕಿನ ಮೇಲೆ ಸಿಂಪಡಿಸಬಹುದು, ಫಿಲ್ಟರಿಗೆ ಅಥವಾ ಫಿಲ್ಟರಿನೊಳಗಿನ ದಾರಕ್ಕೆ ಉಣಿಸಬಹುದು, ಪ್ಯಾಕಿನೊಳಗಿನ ಅಲ್ಯೂಮಿನಿಯಂ ಹಾಳೆಗೆ ಸವರಬಹುದು. ಎಲ್ಲಿ ಹಾಕಿದರೂ ಕೆಲವು ದಿನಗಳಲ್ಲಿ ಅದು ಆವಿಯಾಗಿ ತಂಬಾಕು, ಕಾಗದ, ಫಿಲ್ಟರು ಎಲ್ಲಕ್ಕೂ ಹರಡಿಕೊಳ್ಳುತ್ತದೆ. ಶುದ್ಧ ಮೆಂಥಾಲ್ ಹರಳು ಕರಗುವುದು 42 ಡಿಗ್ರಿ ಆಸುಪಾಸಿನಲ್ಲಿ, ಆದರೆ ಕೋಣೆಯ ಬಿಸಿಗೇ ಕರ್ಪೂರದಂತೆ ನಿಧಾನವಾಗಿ ಹಾರುತ್ತದೆ.

ಕೆಡುವುದೂ ಇಲ್ಲೇ. ಹಾಳೆ ಹರಿದ ಪ್ಯಾಕು ಸೆಕೆಯಲ್ಲಿ ಕೆಲವು ದಿನ ಬಿದ್ದಿದ್ದರೆ ತಂಪು ಸೋರಿಹೋಗಿ ಒಣ ತಂಬಾಕಿನ ಕಟುವೊಂದೇ ಉಳಿಯುತ್ತದೆ. ಮೆಂಥಾಲ್ ಪ್ಯಾಕಿನ ಪಕ್ಕ ಸಾದಾ ಸಿಗರೇಟು ಇಟ್ಟರೆ ಅದಕ್ಕೂ ಪಿಪ್ಪರ್‌ಮೆಂಟಿನ ವಾಸನೆ ಹತ್ತುತ್ತದೆ. ಕಾರ್ಖಾನೆಯಲ್ಲಿಯೂ ಇದೇ ಗೋಳು: ಮೆಂಥಾಲ್ ಓಡಿಸಿದ ಯಂತ್ರದಲ್ಲಿ ಹಾಗೆಯೇ ಸಾದಾ ಮಾಲು ಓಡಿಸಿದರೆ ವಾಸನೆ ದಾಟಿಬಿಡುತ್ತದೆ, ಹಾಗಾಗಿ ಯಂತ್ರ, ಗೋದಾಮು ಬೇರೆಯಾಗಿಯೇ ಇರಬೇಕು.

ಮೆಂಥಾಲ್ ಎಲ್ಲಿಂದ ಬರುತ್ತಿತ್ತು ಎಂಬುದು ಸಣ್ಣ ಕಥೆಯಲ್ಲ. ಕೂಲ್ ಹುಟ್ಟಿದ ಕಾಲಕ್ಕೆ ಜಗತ್ತಿನ ಮೆಂಥಾಲಿನ ಬಹುಪಾಲು ಜಪಾನಿನ ಹೊಕ್ಕೈಡೊ ದ್ವೀಪದ ಕಿಟಾಮಿ ಸುತ್ತಮುತ್ತಲಿನ ಪುದೀನ ಹೊಲಗಳಿಂದ ಬರುತ್ತಿತ್ತು. ಯುದ್ಧ ಬಂದು ಆ ದಾರಿ ಮುಚ್ಚಿತು, ಬ್ರೆಜಿಲ್ ಮುಂದೆ ಬಂತು. ಆಮೇಲೆ ಭಾರತ. 1950ರ ದಶಕದಲ್ಲಿ ಇಲ್ಲಿಗೆ ಬಂದ ಜಪಾನೀ ಪುದೀನ ಇವತ್ತು ಉತ್ತರಪ್ರದೇಶದ ಬಾರಾಬಂಕಿ ಸುತ್ತ ದೊಡ್ಡ ವಾಣಿಜ್ಯ ಬೆಳೆ. ಸಹಜ ಮೆಂಥಾಲಿನಲ್ಲಿ ಈಗ ಜಗತ್ತಿಗೆ ಭಾರತವೇ ದೊಡ್ಡ ಪೂರೈಕೆದಾರ. ಚಳಿಗಾಲದ ಕೊನೆಗೆ ಬೇರುಕಾಂಡ ನೆಟ್ಟು, ಮುಂಗಾರು ಹಿಡಿಯುವ ಮೊದಲು ಕೊಯ್ದು, ಒಂದಿಷ್ಟು ಬಾಡಿಸಿ, ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ. ಕೊಯ್ಲಿಗೆ ಮೊದಲೇ ಮಳೆ ಹಿಡಿದರೆ ಎಲೆ ಉದುರಿ ಎಣ್ಣೆಯ ಪ್ರಮಾಣ ಕುಸಿಯುತ್ತದೆ. ಬಂದ ಎಣ್ಣೆಯಲ್ಲಿ ನೂರಕ್ಕೆ 70ರಿಂದ 80 ಪಾಲು ಮೆಂಥಾಲ್. ಅದನ್ನು ಹಂತಹಂತವಾಗಿ ತಣಿಸಿದರೆ ಮೆಂಥಾಲ್ ಸೂಜಿಯಂಥ ಹರಳುಗಳಾಗಿ ಬೇರೆಯಾಗುತ್ತದೆ. ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಮೆಂಥಾಲೂ ಇದೆ: ಜಪಾನಿನ ಟಕಾಸಾಗೊ, ಜರ್ಮನಿಯ ಸಿಮ್‌ರೈಸ್ ಮತ್ತು ಬಿಎಎಸ್‌ಎಫ್ ಇದರ ದೊಡ್ಡ ತಯಾರಕರು. ಟಕಾಸಾಗೊ ವಿಧಾನದ ಹಿಂದಿನ ರಸಾಯನಶಾಸ್ತ್ರಕ್ಕೆ ರ್ಯೋಜಿ ನೊಯೊರಿ 2001ರ ನೊಬೆಲ್ ಹಂಚಿಕೊಂಡರು. ಮೆಂಥಾಲ್ ಅಣುವಿಗೆ ನೊಬೆಲ್ ಜೊತೆ ಏನೋ ನಂಟು.

ಕೂಲ್‌ನ ನಿಜವಾದ ಗುಣ ತಿಳಿಯಬೇಕಾದರೆ ಅದರ ಇಬ್ಬರು ದಾಯಾದಿಗಳ ಪಕ್ಕ ಇಟ್ಟು ನೋಡಬೇಕು. 1956ರಲ್ಲಿ ಆರ್. ಜೆ. ರೆನಾಲ್ಡ್ಸ್ ತಂದ ಸೇಲಂ ಮೊದಲ ಫಿಲ್ಟರ್ ಮೆಂಥಾಲ್ ಸಿಗರೇಟು: ಹಸಿರು ಬಯಲು, ತೊರೆ, ವಸಂತಕಾಲ. ಕೆಮ್ಮಿನ ಔಷಧಿಯಂತಿದ್ದ ಮೆಂಥಾಲನ್ನು ಅದು ಪಿಕ್‌ನಿಕ್ಕಿಗೆ ಕರೆದೊಯ್ದಿತು. ಮರುವರ್ಷ ಲೊರಿಲಾರ್ಡ್ ಕಂಪನಿಯ ನ್ಯೂಪೋರ್ಟ್. ಮೂರರಲ್ಲಿ ಕೂಲ್ ಹಳೆಯದು, ಒರಟು. ಅದರ ಮೆಂಥಾಲ್ ಮುಂದೆ ನಿಲ್ಲುತ್ತದೆ; ಮೊದಲ ದಮ್ಮಿಗೇ ಮೂಗಿನ ಹಿಂಭಾಗಕ್ಕೆ ಹೊಡೆಯುವ ತೀಕ್ಷ್ಣ ತಂಪು, ಅದರ ಹಿಂದೆ ಬರ್ಲಿ ಎಂಬ ತಂಬಾಕಿನ ತಳಿ ಬೆರೆತ ಅಮೆರಿಕನ್ ಮಿಶ್ರಣದ ಹುರಿದ ಕಡಲೆಯಂಥ ಕಹಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದು ಬ್ಯಾರನ್ನಿನಲ್ಲಿ ಹದ ಮಾಡುವ ವರ್ಜೀನಿಯಾ ಹೊಗೆಸೊಪ್ಪಿನ ಸಿಹಿ ಅಲ್ಲಿ ಅಷ್ಟಾಗಿ ಇಲ್ಲ. ನಮ್ಮ ದೇಶದ ಸಿಗರೇಟುಗಳು ಹೆಚ್ಚಾಗಿ ಆ ವರ್ಜೀನಿಯಾದ ಮೇಲೇ ನಿಂತಿರುವುದರಿಂದ ಇಲ್ಲಿನ ಮೆಂಥಾಲ್ ಬ್ರ್ಯಾಂಡುಗಳನ್ನು ಕೂಲ್‌ಗೆ ಹೋಲಿಸುವುದು ಸರಿಹೋಗುವುದಿಲ್ಲ.

ನ್ಯೂಪೋರ್ಟ್ ಬೇರೆ ದಾರಿ ಹಿಡಿಯಿತು. ಮೆಂಥಾಲ್ ಕಡಿಮೆ, ತಂಬಾಕಿನ ಸವಿ ಮುಂದೆ. ಇಲ್ಲಿದೆ ಈ ಇಡೀ ವ್ಯಾಪಾರದ ಕೀಲಿ. ಹೊಸದಾಗಿ ಸೇದಲು ಶುರುಮಾಡಿದವರಿಗೆ ಗಂಟಲಿನ ಕೆರೆತ ಅಡಗಬೇಕು, ಆದರೆ ಅತಿಯಾದ ಮೆಂಥಾಲೂ ಉರಿಯೇ ಆದ್ದರಿಂದ ಅದೂ ಹೆಚ್ಚಾಗಬಾರದು. ವರ್ಷಗಟ್ಟಲೆ ಮೆಂಥಾಲ್ ಸೇದಿದವರಿಗೆ ಅದೇ ಪ್ರಮಾಣ ಸಪ್ಪೆ ಅನಿಸಿ ಇನ್ನೂ ಖಾರದ ತಂಪು ಬೇಕಾಗುತ್ತದೆ. ಮೊಕದ್ದಮೆಗಳಿಂದ ಹೊರಬಿದ್ದ ತಂಬಾಕು ಕಂಪನಿಗಳ ಆಂತರಿಕ ಕಾಗದಪತ್ರಗಳನ್ನು ಓದಿದ ಸಂಶೋಧಕರು ತೋರಿಸಿದ್ದು ಇದನ್ನೇ: ಮೆಂಥಾಲ್ ಪ್ರಮಾಣವನ್ನು ಕಂಪನಿಗಳು ವಯಸ್ಸು ನೋಡಿ ಹೊಂದಿಸುತ್ತಿದ್ದವು. ಕೂಲ್ ಪಳಗಿದ ಗಂಟಲಿನ ಸಿಗರೇಟಾಗಿ ಉಳಿಯಿತು, ನ್ಯೂಪೋರ್ಟ್ ಎಳೆಯರನ್ನು ಹಿಡಿಯಿತು. ಹಳೆ ಗಿರಾಕಿಗಳು ಸಾಯುತ್ತಾರೆ ಅಥವಾ ಬಿಡುತ್ತಾರೆ. ಹೊಸಬರು ಬಾರದ ಬ್ರ್ಯಾಂಡು ತಾನಾಗಿ ಕರಗುತ್ತದೆ. 1970ರ ದಶಕದಲ್ಲಿ ಸೇಲಂ ಅನ್ನು ಹಿಂದಿಕ್ಕಿ ಮೆಂಥಾಲ್‌ಗಳಲ್ಲಿ ಮೊದಲಿದ್ದ ಕೂಲ್ ಆಮೇಲೆ ಹಿಂದೆ ಬಿದ್ದು, 1990ರ ದಶಕದಲ್ಲಿ ನ್ಯೂಪೋರ್ಟ್ ಮೊದಲ ಜಾಗಕ್ಕೆ ಏರಿದ್ದು ಹೀಗೆ.

‘ಮೈಲ್ಡ್’ ಎಂಬ ಮಾದರಿಗಳ ಬಗ್ಗೆ ಎರಡು ಮಾತು ಸಾಕು. ಫಿಲ್ಟರಿನ ಸುತ್ತಲ ಕಾಗದದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಅಳೆಯುವ ಯಂತ್ರ ಸೇದುವಾಗ ಅಲ್ಲಿಂದ ಗಾಳಿ ಸೇರಿ ಟಾರು, ನಿಕೋಟಿನ್ ಅಂಕಿ ಕಡಿಮೆ ಬರುತ್ತದೆ. ಮನುಷ್ಯ ಸೇದುವಾಗ ತುಟಿ, ಬೆರಳು ಆ ತೂತುಗಳನ್ನೇ ಮುಚ್ಚುತ್ತವೆ, ಸಾಲದ್ದಕ್ಕೆ ಇನ್ನೂ ಜೋರಾಗಿ ಎಳೆಯುತ್ತಾನೆ. ಅಮೆರಿಕದಲ್ಲಿ 2010ರಿಂದ ಲೈಟ್, ಮೈಲ್ಡ್ ಎಂಬ ಪದ ಪ್ಯಾಕಿನ ಮೇಲೆ ಹಾಕುವಂತಿಲ್ಲ. ಆ ಜಾಗಕ್ಕೆ ಬಣ್ಣಗಳು ಬಂದವು.

ಕೂಲ್‌ನ ಚರಿತ್ರೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಕಪ್ಪು ಅಮೆರಿಕನ್ನರ ಓಣಿಗಳು. 1960ರ ದಶಕದಿಂದ ಬ್ರೌನ್ ಅಂಡ್ ವಿಲಿಯಮ್ಸನ್ ಅವರ ಪತ್ರಿಕೆಗಳಲ್ಲಿ, ಅವರ ಬಡಾವಣೆಗಳ ಫಲಕಗಳಲ್ಲಿ ಹಣ ಸುರಿಯಿತು. 1971ರ ಜನವರಿಯಲ್ಲಿ ರೇಡಿಯೊ, ಟಿವಿ ಜಾಹೀರಾತು ನಿಷೇಧವಾದ ಮೇಲೆ ಆ ಹಣ ಸಂಗೀತಕ್ಕೆ ಹರಿಯಿತು: 1975ರಿಂದ ಕೂಲ್ ಹೆಸರಿನ ಜಾಝ್ ಉತ್ಸವಗಳು. ಜಾಝ್ ಲೋಕದಲ್ಲಿ ‘ಕೂಲ್’ ಎಂಬ ಪದಕ್ಕೆ ಮೊದಲೇ ಬೇರೆ ಮರ್ಯಾದೆ ಇತ್ತು. ಸಿಗರೇಟು ಅದನ್ನು ಪುಕ್ಕಟೆ ಎತ್ತಿಕೊಂಡಿತು. 2004ರಲ್ಲಿ ಹಿಪ್-ಹಾಪ್ ಚಿತ್ರಗಳಿದ್ದ ‘ಕೂಲ್ ಮಿಕ್ಸ್’ ಪ್ಯಾಕುಗಳು ಬಂದಾಗ ನ್ಯೂಯಾರ್ಕ್, ಇಲಿನಾಯ್, ಮೇರಿಲ್ಯಾಂಡ್ ರಾಜ್ಯಗಳ ಅಟಾರ್ನಿ ಜನರಲ್‌ಗಳು ಕೋರ್ಟಿಗೆ ಹೋದರು. ಎಳೆಯರನ್ನು ಗುರಿಮಾಡುವ ಪ್ರಚಾರ ಮಾಡುವುದಿಲ್ಲವೆಂದು ರಾಜ್ಯಗಳ ಜೊತೆಗಿನ 1998ರ ಮಾಸ್ಟರ್ ಸೆಟ್ಲ್‌ಮೆಂಟ್ ಒಪ್ಪಂದದಲ್ಲಿ ಕಂಪನಿ ಸಹಿ ಹಾಕಿತ್ತು. 2004ರಲ್ಲೇ ರಾಜಿಯಾಯಿತು, ಪ್ರಚಾರಕ್ಕೆ ಕಡಿವಾಣ ಬಿತ್ತು. ಪ್ರತಿಸ್ಪರ್ಧಿಗಳೂ ಸಾಚಾ ಅಲ್ಲ. ಬಾಸ್ಟನ್ನಿನ ಕಪ್ಪು ಮಕ್ಕಳಿಗೆ ನ್ಯೂಪೋರ್ಟ್ ಪುಕ್ಕಟೆ ಹಂಚಲಾಗಿತ್ತೆಂದು 2010ರಲ್ಲಿ ಅಲ್ಲಿನ ಜ್ಯೂರಿ ಲೊರಿಲಾರ್ಡ್ ವಿರುದ್ಧ ತೀರ್ಪು ಕೊಟ್ಟಿತು. ಫಲಿತಾಂಶ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2022ರಲ್ಲಿ ಕೊಟ್ಟ ಲೆಕ್ಕದಲ್ಲಿದೆ: ದೇಶದಲ್ಲಿ 1.85 ಕೋಟಿ ಮಂದಿ ಮೆಂಥಾಲ್ ಸೇದುತ್ತಾರೆ. ಸೇದುವ ಕಪ್ಪು ಜನರಲ್ಲಿ ನೂರಕ್ಕೆ ಸುಮಾರು 85 ಮಂದಿ ಮೆಂಥಾಲಿನವರಾದರೆ, ಬಿಳಿಯರಲ್ಲಿ ಸುಮಾರು 30.

ಇದೇ ಬ್ರೌನ್ ಅಂಡ್ ವಿಲಿಯಮ್ಸನ್ನಿನ ಒಳಗಿನ ಸಾವಿರಾರು ಪುಟ ದಾಖಲೆಗಳು 1994ರಲ್ಲಿ ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಸ್ಟಾಂಟನ್ ಗ್ಲಾಂಟ್ಸ್ ಕೈಗೆ ಅನಾಮಧೇಯವಾಗಿ ಬಂದವು. ನಿಕೋಟಿನ್ ಚಟ ಹಿಡಿಸುವ ಮದ್ದು, ನಾವು ಮಾರುತ್ತಿರುವುದು ಅದನ್ನೇ ಎಂದು ಕಂಪನಿಯ ವಕೀಲ ಆಡಿಸನ್ ಯೀಮನ್ 1963ರಲ್ಲೇ ಬರೆದಿಟ್ಟಿದ್ದು ಅವುಗಳಲ್ಲಿ ಸಿಕ್ಕಿತು. ಗಂಟಲಿಗೆ ರಜೆ ಎಂದ ಪೆಂಗ್ವಿನ್‌ನ ಯಜಮಾನರಿಗೆ ಎಲ್ಲವೂ ಗೊತ್ತಿತ್ತು.

ಮೆಂಥಾಲ್ ಸ್ವತಃ ಕ್ಯಾನ್ಸರ್ ತರುವುದಿಲ್ಲ, ಹೊಗೆಯನ್ನು ಸಾದಾ ಸಿಗರೇಟಿಗಿಂತ ಹೆಚ್ಚು ವಿಷವಾಗಿಸುವುದೂ ಇಲ್ಲ. ಕಡಿಮೆಯೂ ಮಾಡುವುದಿಲ್ಲ. ಅದು ಮಾಡುವುದು ಒಳಗೆ ಹೋಗುವ ದಾರಿ ನುಣುಪಾಗಿಸುವ ಕೆಲಸ, ಜೊತೆಗೆ ದೇಹ ನಿಕೋಟಿನ್ ಕರಗಿಸುವ ವೇಗವನ್ನೂ ಸ್ವಲ್ಪ ತಗ್ಗಿಸುತ್ತದೆ. 2013ರ ಎಫ್‌ಡಿಎ ಪರಿಶೀಲನೆ ಹೇಳಿದ್ದು ಇಷ್ಟು: ಮೆಂಥಾಲಿನಿಂದ ಸೇದಲು ಶುರುಮಾಡುವುದು ಹೆಚ್ಚುತ್ತದೆ, ಚಟ ಬಲಿಯುತ್ತದೆ, ಬಿಡುವುದು ಕಷ್ಟವಾಗುತ್ತದೆ. ಬೀಡಾದಲ್ಲಿ ಪಿಪ್ಪರ್‌ಮೆಂಟು ಹಾಕಿದರೆ ಸುಣ್ಣದ ಉರಿ ತಿಳಿಯದಿರುವ ಹಾಗೆ.

ಮಾಲೀಕತ್ವ ಈಗ ಇಬ್ಭಾಗ. 2004ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ರೆನಾಲ್ಡ್ಸ್ ಜೊತೆ ಸೇರಿ ರೆನಾಲ್ಡ್ಸ್ ಅಮೆರಿಕನ್ ಆಯಿತು. 2015ರಲ್ಲಿ ರೆನಾಲ್ಡ್ಸ್ ಲೊರಿಲಾರ್ಡನ್ನು ಕೊಂಡಿತು, ನ್ಯೂಪೋರ್ಟ್ ಆಸೆಗೆ. ಏಕಸ್ವಾಮ್ಯದ ತಕರಾರು ಬರದಂತೆ ಕೂಲ್, ಸೇಲಂ, ವಿನ್‌ಸ್ಟನ್ ಇತ್ಯಾದಿಗಳನ್ನು 7.1 ಶತಕೋಟಿ ಡಾಲರಿಗೆ ಬ್ರಿಟನ್ನಿನ ಇಂಪೀರಿಯಲ್ ಟೊಬ್ಯಾಕೊ ಕಂಪನಿಗೆ ಮಾರಿತು. ಎಂಬತ್ತು ವರ್ಷದ ಪೈಪೋಟಿಯಲ್ಲಿ ಗೆದ್ದವರು ಯಾರೆಂದು ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಮಾರಿದರು ಎಂಬುದರಲ್ಲೇ ಗೊತ್ತಾಗುತ್ತದೆ. ಅಮೆರಿಕದಲ್ಲಿ ಕೂಲ್ ಇಂಪೀರಿಯಲ್‌ನ ಐಟಿಜಿ ಬ್ರ್ಯಾಂಡ್ಸ್‌ನದು, ಹೊರಗೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ್ದು. ಜಪಾನಿನಲ್ಲಿ ಕೊಂಡ ಕೂಲ್ ಅಮೆರಿಕದ ಕೂಲ್ ಅಲ್ಲ; ಹೆಸರೊಂದೇ, ತಯಾರಕರು ಬೇರೆ, ಮಿಶ್ರಣವೂ ಒಂದೇ ಇರಬೇಕೆಂದಿಲ್ಲ. ಫಿಲ್ಟರಿನಲ್ಲಿ ಮಣಿಯಂಥ ಕ್ಯಾಪ್ಸೂಲು ಇಟ್ಟು, ಬೆರಳಲ್ಲಿ ಹಿಚುಕಿದಾಗ ಮೆಂಥಾಲ್ ಬಿಡುವ ಮಾದರಿಗಳು ಪೂರ್ವ ಏಷ್ಯಾದಲ್ಲಿ ಬಹಳ ಓಡಿದವು. ಮೆಂಥಾಲ್ ಹಾರಿಹೋಗುವ ಹಳೆಯ ಸಮಸ್ಯೆಗೆ ಅದು ಜಾಣ ಪರಿಹಾರ ಎಂಬುದೇನೋ ನಿಜ. ಒಡೆದಾಗ ಕಡ್ಡಿಯೊಂದಕ್ಕೆ ತಂಪು ಒಮ್ಮೆಗೇ ಏರುವುದೂ ನಿಜ.

ಮಾರಾಟ ಎಲ್ಲಿ ಇಲ್ಲ ಎಂಬ ಪಟ್ಟಿ ಉದ್ದವಾಗುತ್ತಿದೆ. ಕೆನಡಾ ದೇಶವಿಡೀ ಮೆಂಥಾಲನ್ನು 2017ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ 2020ರ ಮೇ 20ರಿಂದ, ಅಮೆರಿಕದ ಮ್ಯಾಸಚೂಸೆಟ್ಸ್ ಅದೇ ಜೂನ್‌ನಿಂದ, ಕ್ಯಾಲಿಫೋರ್ನಿಯಾ 2022ರ ಡಿಸೆಂಬರಿನಿಂದ. ಅಮೆರಿಕದ 2009ರ ಕಾಯ್ದೆ ಲವಂಗ, ಚಾಕೊಲೆಟ್, ಹಣ್ಣಿನ ಸಿಗರೇಟುಗಳನ್ನೆಲ್ಲ ತೆಗೆದು ಮೆಂಥಾಲ್ ಒಂದನ್ನೇ ಬಿಟ್ಟಿತ್ತು. ಅದನ್ನೂ ತೆಗೆಯುವ ನಿಯಮವನ್ನು ಎಫ್‌ಡಿಎ 2022ರಲ್ಲಿ ಪ್ರಸ್ತಾಪಿಸಿತು, 2025ರ ಜನವರಿಯಲ್ಲಿ ಆ ಪ್ರಸ್ತಾಪ ವಾಪಸಾಯಿತು. ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ಸ್ವಾರಸ್ಯ. ನಿಷೇಧದ ಬೆನ್ನಿಗೇ ‘ಮೆಂಥಾಲ್ ಇಲ್ಲ’ ಎಂದು ಬರೆದ ಹಸಿರು ಪ್ಯಾಕುಗಳು ಬಂದವು. ಪರೀಕ್ಷಿಸಿದಾಗ ಕೆಲವದರಲ್ಲಿ ಸಿಕ್ಕಿದ್ದು ಡಬ್ಲ್ಯುಎಸ್-3 ಎಂಬ ಕೃತಕ ವಸ್ತು: ಪುದೀನದ ವಾಸನೆ ಇಲ್ಲ, ತಂಪು ಮಾತ್ರ ಇದೆ. ಡಬ್ಲ್ಯುಎಸ್ ಎಂದರೆ ವಿಲ್ಕಿನ್ಸನ್ ಸ್ವೋರ್ಡ್, ಕ್ಷೌರದ ಬ್ಲೇಡಿನ ಕಂಪನಿ. 1970ರ ದಶಕದಲ್ಲಿ ಅದರ ರಸಾಯನಜ್ಞರು ಇಂಥ ತಂಪು ವಸ್ತುಗಳನ್ನು ಸಾಲುಸಾಲಾಗಿ ತಯಾರಿಸಿದ್ದರು. ಕೊನೆಗೆ ಕ್ಯಾಲಿಫೋರ್ನಿಯಾ 2024ರಲ್ಲಿ ಕಾಯ್ದೆ ತಿದ್ದಿ, ರುಚಿ-ವಾಸನೆಯ ಜೊತೆಗೆ ‘ತಂಪಿನ ಅನುಭವ’ವನ್ನೂ ನಿಷೇಧದೊಳಗೆ ಸೇರಿಸಬೇಕಾಯಿತು.

ಭಾರತದಲ್ಲಿ ಮೆಂಥಾಲ್ ಸಿಗರೇಟಿಗೆ ನಿಷೇಧವಿಲ್ಲ, ಇಲ್ಲಿನ ಕಂಪನಿಗಳ ಕ್ಯಾಪ್ಸೂಲ್ ಮಾದರಿಗಳು ಗೂಡಂಗಡಿಗಳಲ್ಲೂ ಇವೆ. ಪ್ಯಾಕಿನ ಎರಡೂ ಮುಖದ 85 ಪ್ರತಿಶತ ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ 2016ರಿಂದ ಕಡ್ಡಾಯ. ವಿದೇಶಿ ಕೂಲ್ ಎಂದು ಯಾರಾದರೂ ಸೊಗಸಾದ ಹಸಿರು-ಬಿಳಿ ಪ್ಯಾಕು, ಚಿತ್ರವಿಲ್ಲದ್ದು, ಎಂಆರ್‌ಪಿ ಇಲ್ಲದ್ದು, ತೋರಿಸಿದರೆ ಅದು ಕಳ್ಳಸಾಗಣೆಯ ಮಾಲು ಅಥವಾ ನಕಲಿ. ಎರಡರಲ್ಲಿ ಯಾವುದೆಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಕಾನೂನಿನ ಪ್ರಕಾರ ಮಾರಬೇಕಾದರೆ ಆ ಲಾಂಛನಕ್ಕೆ ಉಳಿಯುವುದು 15 ಪ್ರತಿಶತ ಜಾಗ, ಉಳಿದದ್ದು ರೋಗದ ಚಿತ್ರ ಮತ್ತು ಬಿಡಬೇಕೆನ್ನುವವರಿಗಾಗಿ 1800-11-2356 ಎಂಬ ಉಚಿತ ಸಂಖ್ಯೆ. ಆ ಸೇವೆಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು.